ಕೂಲರ್ ಮುಂದೆ ಕೂತ ಮೇಪಲ್

ನಮ್ಮ ಫ್ರಿಜ್ಜಿನ ಕೆಳಗಿನ ಅರೆಯಲ್ಲಿ, ಕೊತ್ತಂಬರಿ ಕಟ್ಟಿನ ಹಿಂದೆ, ಒದ್ದೆ ಮರಳು ತುಂಬಿದ ಪ್ಲಾಸ್ಟಿಕ್ ಚೀಲವೊಂದು 71 ದಿನ ಇತ್ತು. 72ನೆಯ ದಿನ ಇರಲಿಲ್ಲ.

“ಅದಾ? ಅದರಾಗ ನೊಣದ ರೆಕ್ಕಿ ಇದ್ದವು. ಒಗದೆ” ಎಂದಳು ಹೆಂಡತಿ. ರೊಟ್ಟಿ ಬಡಿಯುವ ಕೈ ನಿಲ್ಲಲಿಲ್ಲ.

ಅವು ನೊಣದ ರೆಕ್ಕೆಗಳಲ್ಲ, ಜಪಾನೀ ಮೇಪಲ್ಲಿನ ಬೀಜಗಳು. ರೆಕ್ಕೆ ಇರುವುದು ಮಾತ್ರ ಖರೆ. ಉದುರುವಾಗ ಗಿರಗಿರನೆ ತಿರುಗಿ ತಾಯಿಮರದಿಂದ ನಾಲ್ಕು ಮಾರು ಆಚೆ ಬೀಳಲಿ ಎಂದು ಇರುವ ರೆಕ್ಕೆ ಅದು. ಆ ಬೀಜವನ್ನು ಸುಮ್ಮನೆ ಮಣ್ಣಿಗೆ ಹಾಕಿದರೆ ಮೊಳೆಯುವುದಿಲ್ಲ. ಮೂರು ತಿಂಗಳು ಥಂಡಿ ತಿನ್ನಬೇಕು. ಹಿಮ ಬಿತ್ತು, ಕರಗಿತು, ಇನ್ನು ಏಳಬಹುದು ಎಂದು ಅದಕ್ಕೆ ಅನಿಸಬೇಕು. ಬೀದರಿನಲ್ಲಿ ಹಿಮ ಎಲ್ಲಿಂದ ತರುವುದು? 32 ವರ್ಷ ಮಕ್ಕಳಿಗೆ ವಿಜ್ಞಾನ ಹೇಳಿದ ನಾನು ನಿವೃತ್ತಿಯಾದ ಮೇಲೆ ಬೀಜಗಳಿಗೆ ಸುಳ್ಳು ಹೇಳುವ ಕೆಲಸ ಹಿಡಿದಿದ್ದೆ. ಇನ್ನು 19 ದಿನ ಕಳೆದಿದ್ದರೆ ಸುಳ್ಳು ಪೂರ್ತಿಯಾಗುತ್ತಿತ್ತು.

ಮೇಪಲ್ ಹುಚ್ಚು ಹತ್ತಿಸಿದವನು ಮಗ. ಅವನು ಟೊರಾಂಟೋದ ಹತ್ತಿರ ಇದ್ದಾನೆ. ಅಲ್ಲಿಗೆ ಹೋದ ವರ್ಷವೇ, ಅಕ್ಟೋಬರಿನಲ್ಲಿ, ಮನೆ ಮುಂದಿನ ರಸ್ತೆಯ ಫೋಟೋ ಕಳಿಸಿದ. ಎರಡೂ ಕಡೆ ಬೆಂಕಿ ಹತ್ತಿದ ಹಾಗೆ ಮರಗಳು. ನಾನು ಆ ಫೋಟೋವನ್ನು ಓಣಿಯ ತುಂಬ ತೋರಿಸಿ ಬಂದು, ರಾತ್ರಿ ಫೋನಿನಲ್ಲಿ ಅವನ ಮುಂದೆಯೇ ಅದನ್ನು ವರ್ಣಿಸತೊಡಗಿದೆ. “ಛಂದ ಕಾಣ್ತದ ಅಪ್ಪಾ, ಖರೇ. ಆದ್ರ ಕಸಾ ಹೊಡಿಯೋರು ನಾವೇ” ಎಂದ. ಅಲ್ಲಿ ಉದುರಿದ ಎಲೆಯನ್ನೆಲ್ಲ ಕುಂಟೆಯಿಂದ ಎಳೆದು, ದೊಡ್ಡ ಕಾಗದದ ಚೀಲಗಳಲ್ಲಿ ತುಂಬಿ, ಕಸದ ಗಾಡಿ ಬರುವ ದಿನ ಬಾಗಿಲ ಮುಂದೆ ಇಡಬೇಕಂತೆ. ಇಲ್ಲಿದ್ದಾಗ ಹಿತ್ತಲಿನ ಬೇವಿನ ಎಲೆ ಗುಡಿಸು ಅಂದರೆ ಪರೀಕ್ಷೆ ಹತ್ತಿರ ಬಂದಿದೆ ಅನ್ನುತ್ತಿದ್ದ ಹುಡುಗ.

ನನಗೆ ಮೇಪಲ್ ಹೊಸದೇನೂ ಅಲ್ಲ. ಎಂಟನೆಯ ತರಗತಿಗೆ ಕೆನಡಾದ ಬಾವುಟ ಬಿಡಿಸಿ ತೋರಿಸಿದವನು ನಾನು. ಅದು 1965ರ ಫೆಬ್ರುವರಿ 15ರಂದು ಹಾರಿದ್ದು, ಅದರ ಎಲೆಗೆ 11 ಮೊನೆ ಇರುವುದು ಇಂದಿಗೂ ಬಾಯಿಪಾಠ. ಸಕ್ಕರೆ ಮೇಪಲ್ಲಿನ ಕಾಂಡಕ್ಕೆ ತೂತು ಹೊಡೆದು ರಸ ಇಳಿಸುತ್ತಾರೆ, 40 ಲೀಟರು ರಸ ಕುದಿಸಿದರೆ ಒಂದು ಲೀಟರು ಪಾಕ ಉಳಿಯುತ್ತದೆ ಎಂದು ಹೆಂಡತಿಗೂ ಹೇಳಿದೆ. ಅವಳ ತವರು ಭಾಲ್ಕಿ. ಕಬ್ಬಿನ ನಾಡಿನವಳು. “ಗಿಡಕ್ಕ ತೂತ್ ಹೊಡ್ದು, ಅಷ್ಟ್ ಕಟಗಿ ಸುಟ್ಟು, ಒಂದ್ ಲೀಟರಾ? ಅವರಿಗೆ ಯಾರರೆ ಒಂದ್ ಗಾಣಾ ಕಳಸ್ರಿ” ಎಂದಳು.

ಅಂಥ ಮರವೊಂದು ನಮ್ಮ ಮನೆಯಲ್ಲೂ ಇರಬೇಕು ಅನಿಸಿತು. ಯಾಕೆ ಅಂತ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ನೌಬಾದಿನ ನಮ್ಮ ಜಾಗ ಅಂಥ ದೊಡ್ಡದಲ್ಲ, ಅದಕ್ಕೇ ಬೋನ್ಸಾಯ್. ಮಗನ ಬೀದಿಯಲ್ಲಿರುವುದು ಬೇರೆ ಜಾತಿ. ಕುಂಡಕ್ಕೆ ಒಗ್ಗುವುದು ಜಪಾನಿನ ಸಣ್ಣೆಲೆಯ ಮೇಪಲ್. ಜಪಾನೀ ಭಾಷೆಯಲ್ಲಿ ‘ಬೋನ್’ ಅಂದರೆ ತಾಟು, ‘ಸಾಯ್’ ಅಂದರೆ ನೆಡುವುದು. ತಾಟಿನಲ್ಲಿ ನೆಟ್ಟ ಗಿಡ, ಅಷ್ಟೇ. ಕಲೆ ಚೀನಾದ್ದು, ಹೆಸರು ಮಾಡಿದವರು ಜಪಾನಿನವರು. ನಮ್ಮ ಓಣಿಯಲ್ಲಿ ಮಾತ್ರ ಹಲವರು ಆ ‘ಸಾಯ್’ ಎಂಬುದನ್ನು ಅಚ್ಚಗನ್ನಡ ಎಂದೇ ತಿಳಿದರು. ಮುಂದೆ ಆದದ್ದು ನೋಡಿದರೆ ಅವರದೂ ತಪ್ಪಲ್ಲ.

ನನಗೆ ಧೈರ್ಯ ಕೊಟ್ಟದ್ದು ಬೀದರಿನ ಚಳಿ. ನಮ್ಮ ಊರು ಸಮುದ್ರಮಟ್ಟಕ್ಕಿಂತ ಸುಮಾರು 2,300 ಅಡಿ ಮೇಲಿದೆ. ಡಿಸೆಂಬರಿನಲ್ಲಿ ರಾಜ್ಯದ ಬಯಲುಸೀಮೆಯಲ್ಲೇ ಕಡಿಮೆ ಉಷ್ಣಾಂಶ ಬೀದರಿನಲ್ಲಿ ಎಂದು ಪೇಪರಿನಲ್ಲಿ ಬರುವ ದಿನಗಳುಂಟು. ಆ ಸುದ್ದಿಯನ್ನು ಕತ್ತರಿಸಿ ಇಟ್ಟುಕೊಂಡೆ, ಗಿಡ ಬಂದರೆ ತೋರಿಸಲಿಕ್ಕೆ ಇರಲಿ ಅಂತ. ಒಂದು ಮಾತು ಮಾತ್ರ ಮರೆತೆ. ನಮ್ಮ ಚಳಿ ರಾತ್ರಿ ಪಾಳಿಯದು. ಮಧ್ಯಾಹ್ನ 12ಕ್ಕೆ ಸ್ವೆಟರ್ ಕಳಚಿ ಹೆಗಲಿಗೆ ಬಂದಿರುತ್ತದೆ. ಮೇಪಲ್ಲಿಗೆ ಬೇಕಾದದ್ದು ವಾರಗಟ್ಟಲೆ ಹಗಲೂ ರಾತ್ರಿ ಬಿಡದ ಥಂಡಿ. ಆಗ ಅದು ಎಲೆಯೆಲ್ಲ ಕಳಚಿ ನಿದ್ದೆ ಹೋಗುತ್ತದೆ. ನಿದ್ದೆ ಸಿಗದಿದ್ದರೆ ವರ್ಷ ವರ್ಷ ಸೊರಗುತ್ತದೆ.

ಬೀಜದ ಕಥೆ ಮುಗಿದ ಮೇಲೆ ಮಗನ ಗೆಳೆಯನೊಬ್ಬ ಗುಡ್ಡಗಾಡಿನ ನರ್ಸರಿಯಿಂದ ಕಿರುಬೆರಳು ದಪ್ಪದ ಸಸಿ ತಂದುಕೊಟ್ಟ. ಜನವರಿಯಲ್ಲಿ ಬರೀ ಕಡ್ಡಿ. ಫೆಬ್ರುವರಿ ಮುಗಿಯುವಷ್ಟರಲ್ಲಿ ಗಂಟು ಗಂಟಿಗೆ ಕೆಂಪು ಮೊಗ್ಗು ಒಡೆದು, ಮಡಿಚಿದ ಛತ್ರಿ ಬಿಚ್ಚಿದ ಹಾಗೆ ಎಲೆ ಬಂದವು. ಒಂದೊಂದಕ್ಕೆ ಏಳು ಬೆರಳು. ಹುಟ್ಟಿದ ಕೂಸಿನ ಅಂಗೈ. ಅದರ ಶಾಸ್ತ್ರದ ಹೆಸರಿನಲ್ಲೇ ‘ಪಾಮೇಟಮ್’ ಎಂದಿದೆ, ಅಂಗೈಯಂಥದ್ದು ಅಂತ. ಮೊದಲ ಎರಡು ಎಲೆ ಬಿಟ್ಟು ನಡುವಿನ ಕುಡಿಯನ್ನು ಚಿಮಟಿಗೆಯಿಂದ ಚಿವುಟಬೇಕು, ಇಲ್ಲದಿದ್ದರೆ ಗೆಣ್ಣು ಉದ್ದುದ್ದ ಬೆಳೆಯುತ್ತದೆ ಎಂದು ಓದಿದ್ದೆ. ಚಿಮಟಿಗೆ ಹಿಡಿದು ಕೂತೆ. ಚಿವುಟಲಾಗಲಿಲ್ಲ. ಹಾಗೇ ಎದ್ದು ಬಂದೆ.

ಮಾರ್ಚಿನ ಎರಡನೆಯ ವಾರ ಎಲೆಯ ತುದಿ ಕಂದಿತು. ಬಿಸಿಲಿಗಿಂತ ನಮ್ಮ ಬಿಸಿಗಾಳಿ ಕೆಟ್ಟದ್ದು. ಮೇಲೆ ಹಸಿರು ಬಲೆ ಕಟ್ಟಿದೆ. ಸುತ್ತ ಒದ್ದೆ ಗೋಣಿಚೀಲ ತೂಗುಬಿಟ್ಟೆ. ಇದರ ನಡುವೆ ಔರಾದ್ ತಾಲ್ಲೂಕಿನ ನಮ್ಮ ಊರಿನಿಂದ ಅಣ್ಣ ಒಂದು ಚೀಲ ಎರೆಮಣ್ಣು ತಂದ. ತೊಗರಿ ಎದೆಮಟ್ಟ ಬರುವ ಹೊಲದ ಮಣ್ಣು, ಇದರಲ್ಲಿ ಏನು ನೆಟ್ಟರೂ ಬರುತ್ತದೆ ಎಂಬ ಅಭಿಮಾನ ಅವನಿಗೆ. ಬೇಡ ಅನ್ನಲಾಗದೆ ಹಾಕಿದೆ. ಎರೆಮಣ್ಣು ಹೊಲದಲ್ಲಿ ದೇವರು, ಕುಂಡದಲ್ಲಿ ಮಾತ್ರ ಯಮ. ನೀರು ಹಾಕಿದರೆ ಹಿಟ್ಟಿನ ಮುದ್ದೆ, ಬಿಟ್ಟರೆ ಕಾದ ಹೆಂಚಿನಂತೆ ಬಿರುಕು. ಹತ್ತು ದಿನಕ್ಕೆ ಬೇರಿನಿಂದ ನಾತ ಬಂತು. ಗಿಡ ಕಿತ್ತು, ಬೇರು ತೊಳೆದು, ಕೊಳೆತದ್ದು ಕತ್ತರಿಸಿ, ಬೀದರಿನದೇ ಕೆಂಪು ಮುರುಕಲ್ಲನ್ನು ಬಟಾಣಿ ಗಾತ್ರಕ್ಕೆ ಜಜ್ಜಿ, ಜರಡಿ ಹಿಡಿದು, ಅದರಲ್ಲಿ ಕೂಡಿಸಿದೆ. ಜಪಾನಿನವರು ಅಕಡಾಮಾ ಎಂಬ ಕಾಳುಮಣ್ಣು ಬಳಸುತ್ತಾರೆ. ಇಲ್ಲಿ ತರಿಸುವ ಖರ್ಚಿಗೆ ಒಂದು ಚೀಲ ಸೋನಾಮಸೂರಿ ಬರುತ್ತದೆ. ನಮ್ಮ ಮುರುಕಲ್ಲೂ ನೀರು ಹೀರಿಕೊಂಡು ಗಾಳಿಗೆ ಸಂದು ಬಿಡುತ್ತದೆ. ಈ ಕಲ್ಲಿನ ಗುಣ ಬಲ್ಲವರೇ ನೌಬಾದಿನಲ್ಲಿ ಆರುನೂರು ವರ್ಷದ ಹಿಂದೆ ನೆಲದೊಳಗೆ ಸುರಂಗ ಕೊರೆದು ನೀರು ಹರಿಸಿದರು. ಇವತ್ತಿಗೂ ಮಂದಿ ಆ ಕರೇಜ್ ನೋಡಲಿಕ್ಕೆ ಬರುತ್ತಾರೆ. ನನ್ನ ಮನೆಯ ಬೋರಿನ ನೀರು ಮಾತ್ರ ಕೊಡಕ್ಕೆ ಬಿಳಿ ಪದರು ಕಟ್ಟುವಂಥ ಸವುಳು. ಆದ್ದರಿಂದ ಮೇಪಲ್ಲಿಗೆ ಫಿಲ್ಟರ್ ನೀರು. “ಮನಿ ಮಂದಿ ಬೋರಿನ ನೀರ್ ಕುಡಿಬೇಕಾ?” ಎಂದು ಹೆಂಡತಿ ಕೇಳಿದ್ದಕ್ಕೆ ಉತ್ತರ ಕೊಡದಿರುವುದೇ ಲೇಸೆನಿಸಿತು.

ಮೇ ತಿಂಗಳಲ್ಲಿ ಬಿಸಿಲು 40 ದಾಟಿತು. ಉಳಿದದ್ದು ಒಂಬತ್ತು ಎಲೆ. ಕುಂಡ ಎತ್ತಿಕೊಂಡು ಒಳಗೆ ಬಂದು ಪಡಸಾಲೆಯಲ್ಲಿ ಕೂಲರಿನ ಮುಂದೆ ಇಟ್ಟೆ. ಅಲ್ಲಿ ಅವ್ವನ ಮಂಚವಿತ್ತು. ಅವ್ವನಿಗೆ 84. ಮಂಚವನ್ನು ಗೋಡೆಯ ಕಡೆಗೆ ಎರಡು ಗೇಣು ಸರಿಸಬೇಕಾಯಿತು. ಮನೆಯಲ್ಲಿ ಅದಕ್ಕೆ ಆದ ಗದ್ದಲ ಇಲ್ಲಿ ಬೇಡ. ಗದ್ದಲ ನಿಲ್ಲಿಸಿದವಳು ಅವ್ವನೇ. “ಇರ್ಲಿ ಬಿಡ್ರಿ. ಪರದೇಶದಿಂದ ಬಂದದ. ನಾ ಈ ಬಿಸಲಾಗ ಹುಟ್ಟಿದಾಕಿ.”

ಆ ಬೇಸಿಗೆಯಲ್ಲೇ ನೆಂಟರ ಮದುವೆಗೆಂದು ಮಗ ಹೆಂಡತಿ ಮಗಳ ಜೊತೆ ಬಂದ. ನಾಲ್ಕು ವರ್ಷದ ಮೊಮ್ಮಗಳು ಮೂರನೆಯ ದಿನಕ್ಕೇ ಬಾಡಿದಳು. ಕೆನ್ನೆ ಕೆಂಡದ ಹಾಗೆ, ಕುತ್ತಿಗೆಗೆಲ್ಲ ಬೆವರುಸಾಲೆ. ದಿನವಿಡೀ ಅವಳೂ ಕೂಲರಿನ ಮುಂದೆ, ಮೇಪಲ್ಲಿನ ಪಕ್ಕ. ನಾನು ಇಬ್ಬರಿಗೂ ಸರದಿಯ ಮೇಲೆ ನೀರು ಚಿಮುಕಿಸುತ್ತಿದ್ದೆ. 15 ದಿನ ಅಂತ ಬಂದವರು 11ನೆಯ ದಿನ ಹೊರಟರು. ಮಗುವಿಗೆ ಆಗಿಬರಲಿಲ್ಲ, ಏನು ಮಾಡುವುದು. ಮುಂದಿನ ಸಲ ಡಿಸೆಂಬರಿನಲ್ಲಿ ಬರುತ್ತೇವೆ ಎಂದ ಮಗ.

ಅವರು ಹೋದ ವಾರ ಬಾಗಿಲಲ್ಲಿ ಪೊಲೀಸ್ ಪೇದೆ ನಿಂತಿದ್ದ. ನನ್ನ ಹಳೆಯ ವಿದ್ಯಾರ್ಥಿ. ಒಳಗೆ ಬಂದು, ಚಹಾ ಕುಡಿದು, ಟೊಪ್ಪಿಗೆಯನ್ನು ತೊಡೆಯ ಮೇಲೆ ಎರಡು ಸಲ ತಿರುಗಿಸಿ, “ಸರ್ರ, ತಪ್ಪ್ ತಿಳ್ಕೋಬ್ಯಾಡ್ರಿ. ಓಣ್ಯಾಗ ಮಂದಿ ಮಾತಾಡ್ಲತ್ತಾರ. ನಿಮ್ ಮನ್ಯಾಗ ಗಾಂಜಾ ಗಿಡ ಅದ ಅಂತ, ಅದಕ್ಕ ಕೂಲರ್ ಬ್ಯಾರೆ ಹಚ್ಚೀರಂತ” ಎಂದ.

ಬಡ್ತಿ ಸಿಕ್ಕಷ್ಟು ಖುಷಿಯಾಯಿತು ನನಗೆ. ಎಷ್ಟೋ ವರ್ಷದ ಮೇಲೆ ಪಾಠ ಮಾಡುವ ಅವಕಾಶ. ಅವನನ್ನು ಗಿಡದ ಮುಂದೆ ಕೂಡಿಸಿದೆ. ನೋಡು, ಗಾಂಜಾದ ಎಲೆಯಲ್ಲಿ ಬೆರಳು ಬಿಡಿ ಬಿಡಿ, ಪ್ರತಿಯೊಂದೂ ತೊಟ್ಟಿನವರೆಗೆ ಸೀಳಿರುತ್ತದೆ, ಅಂದರೆ ಸಂಯುಕ್ತ ಎಲೆ. ಇದರಲ್ಲಿ ಬೆರಳಿನ ಕೆಳಗೆ ಅಂಗೈ ಇದೆ, ಆದ್ದರಿಂದ ಸರಳ ಎಲೆ. ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಕೇಳುತ್ತಿದ್ದೆ, ನೆನಪಿದೆಯಾ? ಅವನಿಗೆ ನೆನಪಿರಲಿಲ್ಲ. ಅದೇ ಪ್ರಶ್ನೆ ಬಿಟ್ಟು ಬಂದಿದ್ದೆ ಎಂದ. ಗಿಡದ ಜೊತೆ ಸೆಲ್ಫಿ ತೆಗೆದುಕೊಂಡು ಹೋದ.

ಎಲೆ ಬೀಳುವ ಕಾಲಕ್ಕೆ ಅದು ಕೆಂಪಾಗಲಿಲ್ಲ. ಎಲೆಯ ಹಸಿರು ಹೋಗಿ ಕೆಂಪು ಕೂಡಬೇಕಾದರೆ ಹಗಲು ಬಿಸಿಲು, ರಾತ್ರಿ ಸಣ್ಣ ಚಳಿ ಹದವಾಗಿ ಬರಬೇಕು. ನನ್ನ ಗಿಡ ಹಸಿರಿನಿಂದ ನೇರ ಸುಟ್ಟ ರೊಟ್ಟಿಯ ಬಣ್ಣಕ್ಕೆ ಹೋಯಿತು. ಒಣಗಿದ ಎಲೆ ಉದುರಲೂ ಇಲ್ಲ, ಜನವರಿಯ ತನಕ ಜೋತಾಡುತ್ತಿದ್ದವು. ಆದರೂ ಪುಸ್ತಕದ ಪ್ರಕಾರ ಚಳಿಗಾಲದ ಕೆಲಸ ಮಾಡಿದೆ. ರೆಂಬೆಗೆ ತಂತಿ ಸುತ್ತಿ ಬಾಗಿಸಿದೆ. ಮೇಪಲ್ಲಿನ ತೊಗಟೆ ಹಸುಗೂಸಿನ ಚರ್ಮವಿದ್ದ ಹಾಗೆ, ತಂತಿಗೆ ಮೊದಲು ಕಾಗದ ಸುತ್ತಬೇಕು. ಬಾಗಿಸಿದ ರೆಂಬೆ ಬಹಳ ಚೆನ್ನಾಗಿ ಬಂತು. ಅದರಲ್ಲಿ ಜೀವ ಇರಲಿಲ್ಲ, ಅಷ್ಟೇ. ಉಗುರಿನಿಂದ ತೊಗಟೆ ಕೆರೆದು ನೋಡುವ ಪರೀಕ್ಷೆಯೊಂದಿದೆ. ಒಳಗೆ ಹಸಿರಿದ್ದರೆ ಬದುಕಿದೆ ಅಂತ. ದಿನಕ್ಕೊಂದು ಕಡೆ ಕೆರೆದೆ. ಯುಗಾದಿಯ ಹೊತ್ತಿಗೆ ಕೆರೆಯಲು ಜಾಗ ಉಳಿಯಲಿಲ್ಲ.

ಬೋನ್ಸಾಯ್ ಮಾಡುವುದು ಪಾಪ ಎಂದು ಅವ್ವನಿಗೆ ಮೊದಲಿನಿಂದಲೂ ಅನುಮಾನ. ಅವಳ ಮನಸ್ಸು ತಿರುಗಿಸಲು ಒಮ್ಮೆ ಹಿರೋಶಿಮಾದ ಪೈನ್ ಗಿಡದ ಕಥೆ ಹೇಳಿದ್ದೆ. 1625ರಿಂದ ಕುಂಡದಲ್ಲಿರುವ ಗಿಡ ಅದು. 1945ರ ಅಣುಬಾಂಬಿಗೂ ಬದುಕಿತು, ಮನೆಯವರೂ ಬದುಕಿದರು. ಯಾಮಾಕಿ ಎಂಬ ಆ ಮನೆತನದವರು 1976ರಲ್ಲಿ ಅದನ್ನು, ಬಾಂಬಿನ ಮಾತೇ ಎತ್ತದೆ, ಅಮೆರಿಕಕ್ಕೆ ಉಡುಗೊರೆ ಕೊಟ್ಟರು. ವಾಷಿಂಗ್ಟನ್ನಿನವರಿಗೆ ಆ ಸಂಗತಿ ತಿಳಿದದ್ದು 2001ರಲ್ಲಿ, ಮೊಮ್ಮಕ್ಕಳು ನೋಡಲು ಬಂದಾಗ. ಆ ಗಿಡ ಕುಂಡಕ್ಕೆ ಬಂದಾಗ ನಮ್ಮ ಬೀದರು ಬರೀದಶಾಹಿಗಳ ಕೈತಪ್ಪಿ ಬಿಜಾಪುರದವರ ಪಾಲಾಗಿ ಆರೇ ವರ್ಷ ಆಗಿತ್ತು, ಅಷ್ಟು ಹಳೆಯದು ಎಂದೆ. ಅವ್ವ ಎಲ್ಲ ಕೇಳಿ, “ಈಗ ಎಷ್ಟ್ ಎತ್ತರ ಆಗ್ಯಾದ?” ಎಂದಳು. ಸೊಂಟದ ಹತ್ತಿರ ಕೈ ತೋರಿಸಿದೆ.

“ಅಯ್ಯ ಶಿವನೇ! ಅದಕ್ಕ ಯಾರೂ ಹೊಟ್ಟಿತುಂಬ ಹಾಕಿಲ್ಲೇನು?”

ಮೇಪಲ್ ಸತ್ತ ವರ್ಷ ಬೆಳಗಿನ ವಾಕಿಂಗಿಗೆ ಕೋಟೆಯ ಕಡೆ ಹೋಗತೊಡಗಿದೆ. ಮೊದಲೂ ನೂರು ಸಲ ಹೋದವನೇ, ಆದರೆ ಬೋನ್ಸಾಯ್ ಕಣ್ಣು ಬಂದಿರಲಿಲ್ಲ. ಕೋಟೆ ಗೋಡೆಯ ಸಂದು ಸಂದಿನಲ್ಲಿ ಅರಳಿ, ಆಲ, ಅತ್ತಿ. ಗೇಣುದ್ದ, ಮೊಳದುದ್ದ ಗಿಡಗಳು. ಕಾಂಡ ನೋಡಿದರೆ ಮುಪ್ಪಾನು ಮುದುಕ. ಬೇರು ಕಲ್ಲನ್ನು ತಬ್ಬಿ ಇಳಿದಿವೆ. ಕಲ್ಲಿನ ಮೇಲೆ ಬೇರು ಕೂಡಿಸುವ ಈ ಶೈಲಿಗೆ ಜಪಾನಿನಲ್ಲಿ ಬೇರೆಯೇ ಹೆಸರು, ಸಾಧಿಸಲು ವರ್ಷಗಟ್ಟಲೆ ತಪಸ್ಸು. ಇಲ್ಲಿ ಒಂದು ಕಾಗೆ ಹಣ್ಣು ತಿಂದು ಹಿಕ್ಕೆ ಹಾಕಿ ಹೋದರೆ ಮುಗಿಯಿತು. ಸ್ಮಾರಕ ಕಾಯುವವರು ವರ್ಷ ವರ್ಷ ಅವನ್ನು ಕಡಿಸುತ್ತಾರೆ, ಕಡಿಸಲೇಬೇಕು. ಬಿಟ್ಟರೆ ಬೇರು ಗೋಡೆ ಸೀಳುತ್ತದೆ. 1472ರಲ್ಲಿ ಕಟ್ಟಿದ ಮಹಮೂದ್ ಗಾವಾನನ ಮದರಸಾದ ಮುಂಭಾಗ 1696ರಲ್ಲಿ ಮದ್ದು ಸಿಡಿದು ಹೋಯಿತು. ಅರಳಿಗೆ ಅಷ್ಟು ಸದ್ದು ಬೇಕಾಗಿಲ್ಲ.

ಕೋಟೆಯ ಗಿಡ ಮುಟ್ಟುವ ಹಾಗಿಲ್ಲ. ಆದರೆ ಭಾಲ್ಕಿಯಲ್ಲಿ ಹೆಂಡತಿಯ ತವರಿನ ಹಳೆಯ ವಾಡೆಯ ಗೋಡೆಯಲ್ಲಿ ಒಂದು ಅರಳಿ ಇತ್ತು. ನನ್ನ ಮದುವೆಯ ಕಾಲದಿಂದ ಆ ಮನೆಯವರು ಅದಕ್ಕೆ ಹೆದರಿಕೊಂಡೇ ಬದುಕಿದ್ದರು. ಇಟ್ಟುಕೊಂಡರೆ ಗೋಡೆ ಬೀಳುತ್ತದೆ, ಕಿತ್ತರೆ ಪಾಪ ಹತ್ತುತ್ತದೆ. ಆದ್ದರಿಂದ ಪ್ರತಿವರ್ಷ ಮೇಲಿಂದ ಮೇಲೆ ಕತ್ತರಿಸುತ್ತಿದ್ದರು. ಮೂವತ್ತು ವರ್ಷ, ತಮಗೇ ತಿಳಿಯದೆ, ಬಹಳ ಒಳ್ಳೆಯ ಬೋನ್ಸಾಯ್ ಮಾಡಿದ್ದರು! ನಾನು ಒಯ್ಯುತ್ತೇನೆ ಅಂದಾಗ ಹೆಂಡತಿಯ ತಮ್ಮ ಕೈಮುಗಿದ. “ಮಾಮಾ, ನಿಮ್ ಕೈಲಿಂದೇ ಆಗ್ಲಿ. ಹ್ಯಾಂಗೂ ನಿಮಗ ಒಂದ್ ಗಿಡ ಕೊಂದ್ ರೂಢಿ ಅದ.”

ಮಿರಗದ ಮಳೆ ಬಿದ್ದ ಮೇಲೆ ಹೋಗಿ ಎರಡು ದಿನ ಗೋಡೆಯ ಮಣ್ಣು ಕೆದರಿ ಬಿಡಿಸಿದೆವು. ತಾಯಿಬೇರು ಕತ್ತರಿಸಿ, ಎಲೆಯೆಲ್ಲ ಕಿತ್ತು, ಒದ್ದೆ ಗೋಣಿಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದೆ. ಕಂಡಕ್ಟರ್ ಅರ್ಧ ಟಿಕೆಟ್ ತೆಗೆಯಲೇ ಎಂದು ಚೇಷ್ಟೆ ಮಾಡಿದ. ಅದೇ ಮುರುಕಲ್ಲಿನ ಕುಂಡ, ಈ ಸಲ ಬೋರಿನ ನೀರು. 23ನೆಯ ದಿನಕ್ಕೆ ಕಾಂಡದ ಮೇಲೆಲ್ಲ ಚಿಗುರು. ಮುಂದಿನ ಮೇ ತಿಂಗಳಲ್ಲಿ ಮೇಲೆ ಬಲೆಯಿಲ್ಲದೆ ಬಿಸಿಲಲ್ಲಿ ನಿಂತಿತು. ನಮ್ಮ ಕಡೆಯ ಮಂದಿಯ ಹಾಗೆ, ನೀರೊಂದು ಸಿಕ್ಕರೆ ಸಾಕು ಎನ್ನುತ್ತ.

ರೂಪ ಕೊಡುವ ಕೆಲಸಕ್ಕೆ ತಾಮ್ರದ ತಂತಿ ಬೇಕು. ಬೇಸಿಗೆಯಲ್ಲಿ ಬೋರಿನ ಮೋಟಾರುಗಳು ಸಾಲಾಗಿ ಸುಡುವ ಊರು ನಮ್ಮದು, ವೈಂಡಿಂಗ್ ಅಂಗಡಿಯಲ್ಲಿ ಹಳೆಯ ತಂತಿ ತೂಕಕ್ಕೆ ಸಿಗುತ್ತದೆ. ಬೆಂಕಿಯಲ್ಲಿ ಕೆಂಪಗೆ ಕಾಯಿಸಿ ಆರಿಸಿದರೆ ಮೆತ್ತಗಾಗಿ ಹೇಳಿದ ಹಾಗೆ ಕೇಳುತ್ತದೆ. ತಂತಿ ಸುತ್ತುವ ಕೈಚಳಕ ಕಲಿಯಲು ಪರಿಚಯದ ಬಿದರಿ ಕುಶಲಕರ್ಮಿಯ ಹತ್ತಿರ ಗಿಡವನ್ನೇ ಒಯ್ದೆ. ಅವರು ಸತು ತಾಮ್ರದ ಹೂಜಿಗೆ ಉಳಿಯಿಂದ ಬಳ್ಳಿ ಕೊರೆದು, ಬೆಳ್ಳಿ ತಂತಿಯನ್ನು ಗೆರೆಯಲ್ಲಿ ಕೂಡಿಸಿ ಬಡಿಯುತ್ತ ಕೂತಿದ್ದರು. ಕೊನೆಗೆ ಕೋಟೆಯ ಹಳೆಯ ಮಣ್ಣನ್ನು ನವಸಾಗರದ ಜೊತೆ ಕಲಸಿ ಕಾಯಿಸಿ ಅದರಲ್ಲಿ ಹಾಕಿದರೆ ಮೈ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ನನ್ನ ಗಿಡವನ್ನು ತಿರುಗಿಸಿ ತಿರುಗಿಸಿ ನೋಡಿ, “ಯಾವಾಗ ತೆಗಿತೀರಿ ಈ ತಂತಿ?” ಎಂದು ಕೇಳಿದರು. ಮಳೆಗಾಲದಲ್ಲಿ ಅರಳಿಯ ಕಾಂಡ ಭರಭರನೆ ದಪ್ಪವಾಗುತ್ತದೆ, ಮೂರು ವಾರಕ್ಕೆ ಬಿಚ್ಚದಿದ್ದರೆ ತಂತಿ ಮೈಯೊಳಗೆ ಇಳಿದು ಗಾಯ ಉಳಿಯುತ್ತದೆ ಎಂದೆ. ಅವರು ನಕ್ಕರು. “ನಮ್ದು ಒಳಗ ಇಳಿದ್ರೇನೇ ಕೆಲ್ಸಾ ಸರ್. ಹೊರಗ ಬಂದ್ರ ಗಿರಾಕಿ ವಾಪಸ್ ತರ್ತಾನ.” ನಾನು ಮೂರನೆಯ ವಾರ ಬಿಚ್ಚಲು ಮರೆತೆ. ಎಡಗಡೆಯ ರೆಂಬೆಯ ಮೇಲೆ ಆ ಸುತ್ತು ಇನ್ನೂ ಇದೆ. ಬಿದರಿ ಕೆಲಸ ಎಂದು ಬಂದವರಿಗೆ ಹೇಳುತ್ತೇನೆ.

ಅರಳಿಯನ್ನು ಮನೆಯೊಳಗೆ ಇಡಬಾರದು ಎಂದು ಹೆಂಡತಿ ಖಡಾಖಂಡಿತ ಹೇಳಿದ್ದರಿಂದ ಅದು ಬಾಗಿಲ ಮುಂದಿನ ಕಟ್ಟೆಯ ಮೇಲೆ, ಒಂದು ಸ್ಟೂಲಿನಲ್ಲಿದೆ. ಅವ್ವನಿಗೆ ಮೊಣಕಾಲು ನೋವು, ಗುಡಿಯ ಅರಳಿಕಟ್ಟೆಯ ತನಕ ಹೋಗಲಾಗದೆ ಎಷ್ಟೋ ವರ್ಷವಾಗಿತ್ತು. ಒಂದು ಸೋಮವಾರ ಎದ್ದು ನೋಡಿದರೆ, ಗೋಡೆ ಹಿಡಿದುಕೊಂಡು ಸ್ಟೂಲಿನ ಸುತ್ತ ಪ್ರದಕ್ಷಿಣೆ ಹಾಕುತ್ತಿದ್ದಾಳೆ. 108 ಸುತ್ತು ಹಾಕಿದರೂ ಗುಡಿಯಲ್ಲಿನ ಹತ್ತು ಸುತ್ತಿನಷ್ಟು ದಾರಿಯಿಲ್ಲ. “ಇದೇ ಬರೋಬರ ಅದ. ದೇವರಿಗೂ ಗೊತ್ತು ನನ್ ಮೊಣಕಾಲು” ಎಂದಳು. ಅರಿಶಿನ ದಾರ ಸುತ್ತಿದ್ದಾಳೆ. ದಾರದ ಸುತ್ತು ಹೆಚ್ಚಾಗಿ ಈಗ ಕಾಂಡ ಕಾಣುವುದಿಲ್ಲ. ಎಷ್ಟು ಕಷ್ಟಪಟ್ಟು ಬಾಗಿಸಿದ ತಿರುವು ಅದು! ಬಿಚ್ಚೋಣವೆಂದರೆ, “ನೀ ತಂತಿ ಸುತ್ತಿದ್ರ ನಡೀತದ, ನಾ ದಾರ ಸುತ್ತಿದ್ರ ನಡಿಯಂಗಿಲ್ಲಾ?” ಎಂಬ ಪ್ರಶ್ನೆ. ನನ್ನ ಹತ್ತಿರ ಉತ್ತರವಿಲ್ಲ.

ಅರಳಿಯ ಎಲೆ ದೊಡ್ಡದು, ತೊಟ್ಟು ಉದ್ದ, ಕುಂಡಕ್ಕೆ ಒಪ್ಪುವುದಿಲ್ಲ. ಅದಕ್ಕೇ ಮಳೆಗೆ ಮುಂಚೆ ಒಮ್ಮೆ ಎಲೆಯನ್ನೆಲ್ಲ ತೊಟ್ಟು ಬಿಟ್ಟು ಕತ್ತರಿಸುತ್ತೇನೆ. ಮತ್ತೆ ಬರುವ ಎಲೆ ಸಣ್ಣದಾಗುತ್ತ ಹೋಗಿ ಈಗ ಎರಡು ಬೆರಳಗಲಕ್ಕೆ ಬಂದು ನಿಂತಿದೆ. ಫಾಲ್ಗುಣದಲ್ಲಿ ಅದು ತಾನಾಗಿಯೇ ಎಲೆ ಉದುರಿಸುತ್ತದೆ. ಒಂದು ವಾರ, ಹತ್ತು ದಿನ ಬೋಳು. ಆಮೇಲೆ ಹೋದ ಯುಗಾದಿಯ ಮುಂಚೆ, ಬೆಳಿಗ್ಗೆ ಹಾಲಿನ ಪಾಕೀಟು ತೆಗೆದುಕೊಳ್ಳಲು ಹೊರಗೆ ಬಂದವನು ಅಲ್ಲೇ ನಿಂತೆ. ಎಲ್ಲ ಕುಡಿಯೂ ಒಟ್ಟಿಗೆ ಬಿಚ್ಚಿತ್ತು. ತಾಮ್ರದ ಕೆಂಪು. ಸೂರ್ಯ ಹಿಂದಿನಿಂದ ಬಿದ್ದು ನರ ನರವೂ ಕಾಣುತ್ತಿತ್ತು. ಎಣಿಸಿದೆ, 17 ಎಲೆ. ಮೇಪಲ್ಲನ್ನು ಕೆಂಪು ಮಾಡುವ ಆಂಥೋಸಯನಿನ್ನೇ ಅರಳಿಯ ಎಳೆ ಎಲೆಯಲ್ಲೂ ಇರುವುದು. ಅದು ಉದುರುವ ಮುಂಚೆ ಹಚ್ಚಿಕೊಳ್ಳುತ್ತದೆ, ಇದು ಹುಟ್ಟುವಾಗ. ನಾನೇ ಇದನ್ನು ಕಪ್ಪುಹಲಗೆಯ ಮೇಲೆ ಬರೆಸಿದ್ದೇನೆ. ಹೊರಗೆ ತಲೆಯೆತ್ತಿ ನೋಡಿದವನಲ್ಲ.

ಮಗನಿಗೆ ವಿಡಿಯೋ ಕಾಲ್ ಮಾಡಿ ಫೋನನ್ನು ಗಿಡದ ಮುಂದೆ ಹಿಡಿದೆ. ಅವನು ಆಫೀಸಿನ ಕೆಲಸದಲ್ಲಿದ್ದ, ಫೋನು ಮೊಮ್ಮಗಳ ಕೈಗೆ ಹೋಯಿತು. ಡಿಸೆಂಬರಿನಲ್ಲಿ ಅವರಿಗೆ ರಜೆ ಸಿಕ್ಕಿರಲಿಲ್ಲ. ಅವಳು ಬಹಳ ಹೊತ್ತು ನೋಡಿದಳು.

“ಮುತ್ಯಾ, ಫಾಲ್ ಇನ್ನೂ ಬಂದಿಲ್ಲ. ನಿನ್ ಟ್ರೀ ರಾಂಗ್ ಟೈಮಿಗೆ ರೆಡ್ ಆಗಿದೆ.”

ಅವಳ ಹಿಂದಿನ ಕಿಟಕಿಯಲ್ಲಿ ಹಿಮ ಬೀಳುತ್ತಿತ್ತು. ಇಲ್ಲಿ ಅವತ್ತು 37 ಡಿಗ್ರಿ.

ಎಂಟು ದಿನಕ್ಕೆ ಎಲೆಗಳು ಹಸಿರಾದವು. ಕೂಲರಿಗೆ ಹೊಸ ಹುಲ್ಲು ಹಾಕಿಸಿದ್ದೇವೆ. ಅದರ ಮುಂದೆ ಈಗ ಅವ್ವನ ಮಂಚ ಇದೆ.